ಜನವಸತಿ ಇಲ್ಲದ ತೀರ

ಚಂಡಮಾರುತವನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ, ಆದರೆ ಸ್ವಲ್ಪ ಪಕ್ಕಕ್ಕೆ ಸರಿಸಬಹುದು ಎಂದು ಗೊತ್ತಾದ ಮೇಲೆ, ಅರಬ್ಬೀ ಕಡಲಿನ ಸುತ್ತಲಿನ ಒಂಬತ್ತು ದೇಶಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಬೇರೆ ದಾರಿಯೂ ಇರಲಿಲ್ಲ. ಒಂದು ದೇಶ ತನ್ನ ದಡದಿಂದ ತಳ್ಳಿದ ಗಾಳಿ ಇನ್ನೊಂದು ದೇಶದ ದಡಕ್ಕೆ ಬಡಿದರೆ ಯುದ್ಧವೇ ಆಗಬಹುದಿತ್ತು. ಒಮ್ಮೆ ಅದು ಕೂದಲೆಳೆಯಲ್ಲಿ ತಪ್ಪಿತ್ತು ಕೂಡ.

ಸರಿಸುವ ಉಪಾಯ ಕೇಳಲು ಸರಳ. ಕಡಲಿನ ಉದ್ದಕ್ಕೂ ಸಾವಿರಾರು ಕೊಳವೆಗಳನ್ನು ಲಂಗರು ಹಾಕಿ ತೇಲಿಬಿಟ್ಟಿದ್ದರು. ಒಂದೊಂದೂ ನೆಟ್ಟಗೆ ನಿಂತ ತೆಂಗಿನ ಮರಕ್ಕಿಂತ ಎಷ್ಟೋ ಪಾಲು ಉದ್ದ. ಅಲೆಯ ಏರಿಳಿತವೇ ಪಂಪಿನಂತೆ ಕೆಲಸ ಮಾಡಿ ಆಳದ ತಣ್ಣೀರನ್ನು ಮೇಲೆ ತರುತ್ತಿತ್ತು. ಚಂಡಮಾರುತಕ್ಕೆ ಬೆಚ್ಚಗಿನ ನೀರೇ ಆಹಾರ. ಒಂದು ಮಗ್ಗುಲಿನಲ್ಲಿ ಕೊಳವೆಗಳ ಬಾಯಿ ತೆರೆದು ನೀರನ್ನು ತಣಿಸಿದರೆ, ಅದು ಹಸಿದ ಪ್ರಾಣಿಯ ಹಾಗೆ ಇನ್ನೊಂದು ಮಗ್ಗುಲಿಗೆ ವಾಲುತ್ತಿತ್ತು. ದಡ ಮುಟ್ಟುವ ಹೊತ್ತಿಗೆ ನೂರು ಕಿಲೋಮೀಟರಿನಷ್ಟು ಅಂತರ ಬೀಳುತ್ತಿತ್ತು. ಅಷ್ಟರಿಂದಲೇ ಒಂದು ನಗರ ಉಳಿಯುತ್ತಿತ್ತು.

ಆ ಕೊಳವೆಗಳ ಪೂರ್ವ ಭಾಗದ ನಿಯಂತ್ರಣ ಕೊಠಡಿ ಮಂಗಳೂರಿನ ಹೊರಗೆ, ಕಡಲಿಗೆ ಮುಖ ಮಾಡಿದ ಒಂದು ಗುಡ್ಡದ ಮೇಲಿತ್ತು. ಪ್ರಮೀಳಾ ಕುಂದರ್ ಅಲ್ಲಿಯ ಮುಖ್ಯ ಎಂಜಿನಿಯರು. ಹಗಲು ಪಾಳಿಯಲ್ಲಿ ಅವಳ ಜೊತೆ ಉಳ್ಳಾಲದ ಅಶ್ರಫ್ ಇರುತ್ತಿದ್ದ. ಕೊಳವೆಗಳ ಬಾಯಿ ತೆರೆಯಬೇಕಾದರೆ ಇಬ್ಬರೂ ತಮ್ಮ ತಮ್ಮ ಕೀಲಿ ತಿರುಗಿಸಬೇಕು. ಒಬ್ಬರೇ ಏನೂ ಮಾಡುವಂತಿರಲಿಲ್ಲ.

ಆ ನವೆಂಬರಿನಲ್ಲಿ ಎದ್ದ ಚಂಡಮಾರುತ ನೇರವಾಗಿ ಹೊಸಬಂದರಿಗೆ ಬರುತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಬರೀ ಮರಳಿದ್ದ ಜಾಗದಲ್ಲಿ ಹಡಗುಕಟ್ಟೆ, ಎಣ್ಣೆಯ ಟ್ಯಾಂಕುಗಳು, ಸಾಲು ಸಾಲು ವಸತಿ ಗೋಪುರಗಳು ಎದ್ದು ಹನ್ನೆರಡು ಲಕ್ಷ ಜನ ತುಂಬಿಕೊಂಡಿದ್ದ ಊರು ಅದು. ಒಕ್ಕೂಟದ ಆಡಳಿತ ನಡೆಸುವ ಆಯೋಗದಿಂದ ಆದೇಶ ಬರುತ್ತದೆಂದು ಪ್ರಮೀಳಾ ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಬಂತು. ಉತ್ತರದ ಸಾಲು ತೆರೆಯಬೇಕು, ಗಾಳಿಯನ್ನು ದಕ್ಷಿಣಕ್ಕೆ, ‘ಜನವಸತಿ ಇಲ್ಲದ ತೀರ’ಕ್ಕೆ ಇಳಿಸಬೇಕು ಎಂದಿತ್ತು. ಕೆಳಗೆ ಆ ತೀರದ ನಕ್ಷೆ.

ಅವಳು ನಕ್ಷೆಯನ್ನು ದೊಡ್ಡದು ಮಾಡಿ ನೋಡಿದಳು. ಮತ್ತೆ ನೋಡಿದಳು.

"ಅಶ್ರಫ್, ಇಲ್ಲಿ ಬಾ. ಇದು ಯಾವುದು ಹೇಳು."

ಅಶ್ರಫ್ ಬಗ್ಗಿ ನೋಡಿದ. "ಹೊಳೆಬಾಗಿಲಲ್ವಾ ಇದು? ಕಾಂಡ್ಲಕುದ್ರು." ಅವನ ದನಿ ತಗ್ಗಿತು. "ನಿಮ್ಮ ಅಕ್ಕ ಇರುದು ಅಲ್ಲೇ ಅಲ್ವಾ?"

ಹೊಳೆ ಕಡಲು ಸೇರುವಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಪೊದೆಗಳ ನಡುವೆ ಇರುವ ನಡುಗಡ್ಡೆ ಅದು. ಸುತ್ತ ಇನ್ನೂ ಮೂರು ಸಣ್ಣ ಕುದ್ರುಗಳು. ಎಲ್ಲ ಸೇರಿ ಸುಮಾರು ಎರಡು ಸಾವಿರ ಜನ. ಚಿಪ್ಪು ಹೆಕ್ಕುವವರು, ಏಡಿ ಹಿಡಿಯುವವರು, ಒಂದು ಶಾಲೆ, ಒಂದು ಭಜನಾ ಮಂದಿರ. ಪ್ರಮೀಳಾ ಹುಟ್ಟಿದ್ದು ಅಲ್ಲಿ. ಅಕ್ಕ ಕುಸುಮ ಮದುವೆಯಾದದ್ದೂ ಅಲ್ಲಿಯವನನ್ನೇ.

ಅವಳು ಆಯೋಗದ ಕಚೇರಿಗೆ ಕರೆ ಮಾಡಿದಳು. ಒಕ್ಕೂಟದ ರಾಜಧಾನಿ ದೂರದ ದ್ವೀಪವೊಂದರಲ್ಲಿತ್ತು. ಪರದೆಯ ಮೇಲೆ ಬಂದವರು ನಿಯಮ ವಿಭಾಗದ ನಿರ್ದೇಶಕ ಜಯತೀರ್ಥ ಗಲಗಲಿ. ಧಾರವಾಡದ ಕಡೆಯವರು, ಮೆತ್ತಗೆ ಮಾತಾಡುವವರು. ಹಿಂದೆ ಎರಡು ಮೂರು ಸಲ ಗುಡ್ಡಕ್ಕೆ ಬಂದಾಗ ಅವಳ ಮನೆಯಲ್ಲಿ ಊಟವನ್ನೂ ಮಾಡಿದ್ದರು.

"ಸರ್, ಅಲ್ಲಿ ಜನ ಇದ್ದಾರೆ. ಎರಡು ಸಾವಿರ ಜನ."

"ಗೊತ್ತದ ಮೇಡಂ. ಆದ್ರ ನಿಯಮದಾಗ ಜನವಸತಿ ಅಂದ್ರ ಒಂದು ತೀರಭಾಗದಾಗ ಕನಿಷ್ಠ ಐದು ಸಾವಿರ ಮಂದಿ ಕಾಯಂ ಇರಬೇಕು. ಅಷ್ಟಿಲ್ಲದ್ದು ಜನವಸತಿ ಅಲ್ಲ."

"ಜನ ಇರುವ ತೀರಕ್ಕೆ ತಿರುಗಿಸಬಾರದು ಅಂತ ಕಾಯಿದೆ ಉಂಟಲ್ಲ ಸರ್."

"ಐತ್ರಿ. ಕಾಯಿದೆ ಮಾಡಿದ್ದು ಮಂದಿ ಆರಿಸಿ ಕಳಿಸಿದ ಸಭಾ. ಆ ಒಂದು ಶಬ್ದಕ್ಕ ಅರ್ಥ ಬರಿಯೋ ಕೆಲಸ ನಮಗ ಕೊಟ್ರು. ಸಣ್ಣ ವಿವರ, ನೀವ ಬರೀರಿ ಅಂದ್ರು. ನಾವು ಬರದ್ವಿ. ಎರಡು ತಿಂಗಳು ಸಭಾದ ಮುಂದ ಇಟ್ವಿ. ಯಾರೂ ಬ್ಯಾಡ ಅನಲಿಲ್ಲ. ಅದು ನಿಯಮ ಆತು." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾ ಒಂದು ಕೇಳ್ತೀನಿ. ಹನ್ನೆರಡು ಲಕ್ಷ ಮಂದಿ ಮ್ಯಾಲೆ ಬೀಳಲಿ ಅಂತೀರೇನು?"

"ಹಾಗಾದ್ರೆ ಕುದ್ರುವಿನವರನ್ನು ಮೊದಲು ಖಾಲಿ ಮಾಡಿಸಿ. ಬಸ್ಸು ಕಳಿಸಿ, ದೋಣಿ ಕಳಿಸಿ."

"ತೆರವಿನ ನಿಯಮ ಜನವಸತಿ ತೀರಕ್ಕ ಮಾತ್ರ ಅನ್ವಯ ಆಗ್ತದ. ಬಸ್ಸೆಲ್ಲಾ ಹೊಸಬಂದರಕ್ಕ ಹೋಗ್ಯಾವ." ಆಮೇಲೆ ಹೇಳಿದರು, "ಅಲ್ಲಿಯವರಿಗೆ ಫೋನ್ ಮಾಡಬ್ಯಾಡ್ರಿ ಅಂತ ನಾ ನಿಮಗ ಹೇಳಂಗಿಲ್ಲ."

ಅವಳು ಅಕ್ಕನಿಗೆ ಫೋನ್ ಮಾಡಿದಳು.

ಕುಸುಮ ಆಗ ಅಂಗಳದಲ್ಲಿ ಬೇಯಿಸಿದ ಚಿಪ್ಪುಗಳನ್ನು ಬಿಡಿಸುತ್ತ ಕೂತಿದ್ದಳು. ಗಾಳಿ ಹೊಸಬಂದರಿಗೆ ಬರುತ್ತದೆ ಎಂದು ಟೀವಿಯಲ್ಲಿ ಹೇಳಿದ್ದರಿಂದ ಕುದ್ರುವಿನಲ್ಲಿ ಯಾರಿಗೂ ಆತಂಕ ಇರಲಿಲ್ಲ. ಗಂಡ ವಾಮನ ಪಾಪ ಹೊಸಬಂದರಿನ ಜನರ ಬಗ್ಗೆ ಮರುಗುತ್ತಿದ್ದ.

"ಅಕ್ಕ, ನೀನು, ಭಾವ, ಎಲ್ಲ ಈಗಲೇ ಆಚೆ ದಡಕ್ಕೆ ಹೋಗಬೇಕು. ಗಾಳಿ ನಿಮ್ಮಲ್ಲಿಗೆ ಬರ್ತದೆ."

"ಎಂತದು? ಟೀವಿಯಲ್ಲಿ ಬೇರೆ ಹೇಳಿದ್ರಲ್ಲ?"

"ಟೀವಿಯವರಿಗೆ ಇನ್ನೂ ಗೊತ್ತಿಲ್ಲ. ಇಲ್ಲಿಂದ ತಿರುಗಿಸ್ತಾರೆ."

"ನಮ್ಮ ಕಡೆಗಾ?" ಕುಸುಮ ನಕ್ಕುಬಿಟ್ಟಳು. "ಎಂತಕ್ಕೆ ಮಾರಾಯ್ತಿ? ನಾವೆಂತ ಮಾಡಿದ್ದೇವೆ ಅವರಿಗೆ?"

"ಅಕ್ಕ, ನಗಬೇಡ. ಭಾವನ ಹತ್ರ ಹೇಳು. ಮನೆಮನೆಗೆ ಹೋಗಿ ಹೇಳ್ಲಿಕ್ಕೆ ಹೇಳು. ದೋಣಿ ಎಷ್ಟುಂಟೋ ಅಷ್ಟರಲ್ಲಿ ಮಕ್ಕಳು, ಮುದುಕರು ಮೊದಲು."

ತಂಗಿಯ ದನಿಯಲ್ಲಿ ಏನೋ ಇತ್ತು. ಕುಸುಮ ಕೈತೊಳೆಯದೆಯೇ ಎದ್ದಳು.

ಪ್ರಮೀಳಾ ಇನ್ನೊಂದು ಕರೆಯನ್ನು ವಾಲ್ಟರ್ ರೆಬೆಲ್ಲೊ ಅವರಿಗೆ ಮಾಡಿದಳು. ಈ ಕರಾವಳಿಯಿಂದ ಒಕ್ಕೂಟದ ಸಭೆಗೆ ಆಯ್ಕೆಯಾದ ಸದಸ್ಯ ಅವರು. ಒಳ್ಳೆಯ ಮನುಷ್ಯ, ವಕೀಲಿಕೆ ಬಿಟ್ಟು ರಾಜಕೀಯಕ್ಕೆ ಬಂದವರು. ಎಲ್ಲ ಕೇಳಿಸಿಕೊಂಡು ಅವರು ನಿಟ್ಟುಸಿರು ಬಿಟ್ಟರು.

"ಆ ನಿಯಮ ನಮ್ಮ ಮುಂದೆ ಬಂದದ್ದು ರಜೆಯಲ್ಲಿ. ಒಟ್ಟಿಗೆ ಇನ್ನೂರೋ ಮುನ್ನೂರೋ ಇತ್ತು. ಮೀನಿನ ಬಲೆಯ ಕಣ್ಣಿನ ಅಳತೆ, ಹಡಗಿನ ಬಣ್ಣ, ಅದರ ನಡುವೆ ಇದು. ನಾನು ಓದ್ಲಿಲ್ಲ ಪ್ರಮೀಳಾ. ಯಾರೂ ಓದ್ಲಿಲ್ಲ."

"ಈಗ ತಡೀಲಿಕ್ಕೆ ಆಗುದಿಲ್ವಾ?"

"ನಿಯಮ ಬೇಡ ಅನ್ನುವ ಅವಧಿ ಮುಗಿದಿದೆ. ಆಯೋಗದ ಆದೇಶವನ್ನು ನಿಲ್ಲಿಸುವ ಅಧಿಕಾರ ಸಭೆಗಿಲ್ಲ, ಒಕ್ಕೂಟದ ಕೋರ್ಟಿಗೆ ಉಂಟು. ಕೋರ್ಟಿಗೆ ಹೋಗಬೇಕಾದ್ರೆ ಯಾರಿಗಾದ್ರೂ ಹಾನಿ ಆಗಿರಬೇಕು. ಇನ್ನೂ ಆಗ್ಲಿಲ್ಲ ಅಲ್ವಾ?" ತಮ್ಮ ಮಾತು ತಮಗೇ ಕೇಳಿಸಿದಂತೆ ಅವರು ತಡೆದರು. "ಕ್ಷಮಿಸಿ. ನಾನು ಆಯೋಗದ ಅಧ್ಯಕ್ಷರಿಗೆ ಫೋನ್ ಮಾಡ್ತೇನೆ."

ಅಧ್ಯಕ್ಷರು ಸಿಕ್ಕಲಿಲ್ಲ. ಇನ್ನು ತಡಮಾಡಿದರೆ ಕೊಳವೆಗಳಿಂದ ಉಪಯೋಗವಿಲ್ಲ ಎಂದು ಪರದೆ ತೋರಿಸಲು ಶುರು ಮಾಡಿತು. ಅಶ್ರಫ್ ಕೀಲಿ ಹಾಕಿ ಕೂತಿದ್ದ, ತಿರುಗಿಸಿರಲಿಲ್ಲ.

"ನೀವು ಹೇಳಿದ ಹಾಗೆ," ಎಂದ ಅವನು. "ನೀವು ಬೇಡ ಅಂದ್ರೆ ನಾನೂ ಇಲ್ಲ."

ಆ ಮಾತಿನಿಂದ ಅವಳಿಗೆ ಸಹಾಯವಾಗಲಿಲ್ಲ. ಹೊಸಬಂದರಿನ ಆಸ್ಪತ್ರೆಗಳು, ಎಣ್ಣೆಯ ಟ್ಯಾಂಕುಗಳ ಬೆನ್ನಿಗೇ ಇದ್ದ ಶಾಲೆಗಳು ಅವಳಿಗೆ ನಕ್ಷೆಯಲ್ಲಿ ಕಾಣುತ್ತಿದ್ದವು. ಕುದ್ರು ನಕ್ಷೆ ನೋಡದೆಯೇ ಕಾಣುತ್ತಿತ್ತು. ಅವಳು ಅಕ್ಕನಿಗೆ ಮತ್ತೆ ಫೋನ್ ಹಚ್ಚಿದಳು. ತಾನು ಮೊದಲ ದೋಣಿಗಳ ಜೊತೆ ಆಚೆ ದಡ ಮುಟ್ಟಿದ್ದೇನೆ, ಭಾವ ಉಳಿದವರನ್ನು ಕರೆತರಲು ಹಿಂದೆ ಹೋಗಿದ್ದಾನೆ ಎಂದು ಕುಸುಮ ಹೇಳಿದಳು. ಹಿಂದೆ ಮಕ್ಕಳ ಅಳು, ಯಾರೋ ಹೆಸರು ಹಿಡಿದು ಕೂಗುವುದು ಕೇಳಿಸುತ್ತಿತ್ತು.

ಪ್ರಮೀಳಾ ಫೋನ್ ಕೆಳಗಿಟ್ಟು ಕೀಲಿ ತಿರುಗಿಸಿದಳು. ಅಶ್ರಫ್ ತನ್ನದನ್ನು ತಿರುಗಿಸಿದ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಗಾಳಿ ವಾಲತೊಡಗಿತು. ಹೊಸಬಂದರಿನಲ್ಲಿ ಬರೀ ಮಳೆ ಬಂತು. ಕಾಂಡ್ಲಕುದ್ರುವಿನ ಮೇಲೆ ಕಡಲು ಎದ್ದು ಬಂತು. ತೆಂಗಿನ ಮರಗಳ ನಡುಮಟ್ಟಕ್ಕೆ ನೀರು ಏರಿ, ಹೊಳೆಯೂ ಕಡಲೂ ಒಂದಾಗಿ ಹರಿದವು. ಎಚ್ಚರಿಕೆ ಸಿಕ್ಕಿದ್ದರಿಂದ ಹೆಚ್ಚಿನವರು ಆಚೆ ದಡದ ಶಾಲೆಯಲ್ಲಿ ಸುರಕ್ಷಿತವಾಗಿದ್ದರು. ಆದರೆ ನಂಬದೆ ಉಳಿದವರಿದ್ದರು. ಹಾಸಿಗೆ ಹಿಡಿದವರಿದ್ದರು. ಅವರನ್ನು ಕರೆತರಲು ಹೋದ ದೋಣಿಗಳಲ್ಲಿ ಎರಡು ಹಿಂದೆ ಬರಲಿಲ್ಲ. ವಾಮನನ ದೇಹ ಮರುದಿನ ಕಾಂಡ್ಲದ ಬೇರುಗಳ ನಡುವೆ ಸಿಕ್ಕಿತು. ಅವನ ಹೆಗಲಿಗೆ ಒಬ್ಬ ಮುದುಕಿಯ ಸೀರೆ ಸುತ್ತಿಕೊಂಡಿತ್ತು. ಮುದುಕಿ ಸಿಗಲಿಲ್ಲ. ಒಟ್ಟು ಸತ್ತವರು ನಲವತ್ತರ ಹತ್ತಿರ.

*

ಕುಸುಮ ಮಂಗಳೂರಿನ ತಂಗಿಯ ಮನೆಗೆ ಬಂದು ಇದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಪ್ರಮೀಳಾ ಮದುವೆಯಾಗಿರಲಿಲ್ಲ. ನಾಲ್ಕನೇ ಮಹಡಿಯ ಆ ಮನೆಯಲ್ಲಿ ಇಬ್ಬರೇ. ಕುಸುಮ ದಿನವಿಡೀ ಏನಾದರೊಂದು ತಿಕ್ಕುತ್ತಿದ್ದಳು, ತೊಳೆಯುತ್ತಿದ್ದಳು. ಟೀವಿ ಹಾಕಲು ಬಿಡುತ್ತಿರಲಿಲ್ಲ.

ಒಂದು ದಿನ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಕೇಳಿದಳು.

"ನಿಮ್ಮ ಆಫೀಸಿನಲ್ಲಿ ಅದನ್ನು ತಿರುಗಿಸುದು ಯಾರು?"

"ಇಬ್ಬರು ಬೇಕು ಅಕ್ಕ."

"ಅವತ್ತು ಯಾರು ಇದ್ರು?"

"ನಾನು, ಅಶ್ರಫ್."

ಕುಸುಮ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದ ಮೇಲೆ ಅಡುಗೆ ಮಾಡಿದಳು, ಬಡಿಸಿದಳು, ಆದರೆ ಮಾತಾಡಲಿಲ್ಲ. ಆ ದಿನ ಮಾತ್ರವಲ್ಲ, ಆ ತಿಂಗಳು ಪೂರ್ತಿ ಮಾತಾಡಲಿಲ್ಲ. ಹೋಗಲು ಬೇರೆ ಮನೆ ಇದ್ದಿದ್ದರೆ ಹೋಗುತ್ತಿದ್ದಳೋ ಏನೋ. ಪ್ರಮೀಳಾ ಕೆಲಸ ಮುಗಿಸಿ ಬಂದು ಆ ಮೌನದೊಳಗೆ ಕೂತು ಊಟ ಮಾಡುತ್ತಿದ್ದಳು. ಏನು ಹೇಳಿದರೂ ಅದು ಹೊಸಬಂದರಿನ ಲೆಕ್ಕವೇ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಗ ಆಯೋಗದ ವಾರ್ಷಿಕ ವರದಿ ಹೊರಬಂತು. ಚಂಡಮಾರುತ ನಿರ್ವಹಣೆ ಯಶಸ್ವಿಯಾಗಿದೆ, ಜನವಸತಿ ತೀರಗಳಲ್ಲಿ ಯಾವುದೇ ಪ್ರಾಣಹಾನಿ ಇಲ್ಲ ಎಂದಿತ್ತು ಅದರಲ್ಲಿ. ವಾಲ್ಟರ್ ರೆಬೆಲ್ಲೊ ಅದನ್ನು ಹಿಡಿದುಕೊಂಡು ಮನೆಗೇ ಬಂದರು.

"ಕುಸುಮಕ್ಕ, ಇದರ ಮೇಲೆ ಕೋರ್ಟಿಗೆ ಹೋಗಬಹುದು. ಈಗ ಹಾನಿ ಆಗಿದೆ. ನಿಮ್ಮ ಹೆಸರಿನಲ್ಲಿ ಹಾಕುವ."

ಕುಸುಮ ಆ ಸಾಲನ್ನು ಓದಿಸಿಕೊಂಡು ಕೇಳಿದಳು. ಇನ್ನೊಮ್ಮೆ ಓದಲು ಹೇಳಿದಳು. "ಪ್ರಾಣಹಾನಿ ಇಲ್ಲ ಅಂದ್ರೆ? ಇವರು ಸತ್ತದ್ದು ಲೆಕ್ಕಕ್ಕೇ ಇಲ್ವಾ?"

ಅವಳು ತಂಗಿಯ ಕಡೆ ತಿರುಗಿದಳು. ತಿಂಗಳ ನಂತರದ ಮೊದಲ ಮಾತು ಅದು.

"ನೀನು ಬಂದು ಹೇಳ್ತೀಯಾ? ಆಗಿದ್ದು ಆದ ಹಾಗೆ?"

"ಹೇಳ್ತೇನೆ ಅಕ್ಕ."

ವಿಚಾರಣೆ ಒಕ್ಕೂಟದ ರಾಜಧಾನಿಯಲ್ಲಿ ನಡೆಯಿತು. ಪ್ರಮೀಳಾ ಕಂಡದ್ದನ್ನು, ಕೇಳಿದ್ದನ್ನು, ತಿರುಗಿಸಿದ್ದನ್ನು ಹೇಳಿದಳು. ಆಯೋಗದ ಪರವಾಗಿ ಗಲಗಲಿಯವರೇ ಬಂದು ನಿಂತರು. ಅವರು ಏನನ್ನೂ ಮುಚ್ಚಿಡಲಿಲ್ಲ.

"ಮಹಾಸ್ವಾಮಿ, ಎಲ್ಲ್ಯೋ ಒಂದು ಗೆರಿ ಎಳೀಲೇಬೇಕಾಗಿತ್ತು. ಒಬ್ಬ ಮನಷ್ಯಾ ಇದ್ದಲ್ಲೂ ತಿರುಗಸಬಾರದು ಅಂದ್ರ ಎಲ್ಲೂ ತಿರುಗಸಲಿಕ್ಕೆ ಆಗೂದಿಲ್ಲ. ಸಭಾದವ್ರಿಗೆ ಇದು ಗೊತ್ತಿತ್ತು. ಆ ಗೆರಿ ಎಳದ್ರ ಅವರ ಕೈಗೆ ಹೊಲಸು ಅಂಟ್ತದ ಅಂತ ನಮ್ಮ ಕಡೆ ತಳ್ಳಿದ್ರು. ನಾವು ಎಳದ್ವಿ."

ನ್ಯಾಯಾಧೀಶರಲ್ಲಿ ಹಿರಿಯರಾದ ಹೆಂಗಸೊಬ್ಬರು ಕೇಳಿದರು, "ಐದು ಸಾವಿರ ಎಂಬ ಸಂಖ್ಯೆ ಎಲ್ಲಿಂದ ಬಂತು?"

ಗಲಗಲಿ ಕೈಯಲ್ಲಿದ್ದ ಕಡತ ಮುಚ್ಚಿದರು. "ನಾಕು ಮಂದಿ ಕೂತು ಮಾತಾಡಿದ್ವಿ. ಹತ್ತು ಸಾವಿರ ಅಂದ್ರ ಜಾಸ್ತಿ ಅನಸ್ತು. ಸಾವಿರ ಅಂದ್ರ ಕಡಿಮಿ ಅನಸ್ತು."

ತೀರ್ಪು ಮಳೆಗಾಲದ ನಂತರ ಬಂತು. ಎಲ್ಲಿ ಮನುಷ್ಯರಿದ್ದಾರೆ, ಎಲ್ಲಿ ಇಲ್ಲ ಎನ್ನುವುದು ಸಣ್ಣ ವಿವರವಲ್ಲ. ಅದೇ ಕಾಯಿದೆಯ ಹೃದಯ. ಅದನ್ನು ಜನರು ಆರಿಸಿದವರು ಮಾತ್ರ ನಿರ್ಧರಿಸಬಹುದು, ಅಧಿಕಾರಿಗಳಿಗೆ ಬಿಟ್ಟುಕೊಡುವ ಹಕ್ಕು ಸಭೆಗೂ ಇಲ್ಲ. ನಿಯಮ ರದ್ದು. ಆದರೆ ಅದರ ಅಡಿಯಲ್ಲಿ ಈಗಾಗಲೇ ನಡೆದದ್ದನ್ನು ಅಸಿಂಧುಗೊಳಿಸಲಾಗದು.

ಒಂಬತ್ತು ದೇಶಗಳ ಪತ್ರಿಕೆಗಳಲ್ಲಿ ಕುಸುಮಳ ಫೋಟೊ ಬಂತು. ಅವಳು ಕುದ್ರುವಿಗೆ ಹಿಂದಿರುಗಿದಾಗ ಜನ ಹಾರ ಹಾಕಿದರು. ಹೊಸ ಮನೆಗಳ ಗೋಡೆಗಳು ಏಳುತ್ತಿದ್ದವು. ಆಚೆ ದಡಕ್ಕೆ ಸೇತುವೆಯ ಕೆಲಸವೂ ಶುರುವಾಗಿತ್ತು. ವಾಲ್ಟರ್ ರೆಬೆಲ್ಲೊ ಸಭೆಯಲ್ಲಿ ಹೊಸ ಕಾಯಿದೆ ತಂದರು. ಇನ್ನು ಮುಂದೆ ಯಾವ ಚಂಡಮಾರುತವನ್ನಾದರೂ ಯಾವ ತೀರಕ್ಕಾದರೂ ತಿರುಗಿಸಬೇಕಾದರೆ, ಪ್ರತಿ ಸಲವೂ ಸಭೆ ಮತ ಹಾಕಬೇಕು. ದೇಶಗಳ ಮಂತ್ರಿಗಳ ಪರಿಷತ್ತೂ ಒಪ್ಪಬೇಕು. ಆಯೋಗ ಮಾತಿಲ್ಲದೆ ಪಾಲಿಸಬೇಕು. ಸದಸ್ಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗಲಗಲಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಹೋಗುವ ಮುಂಚೆ ಪ್ರಮೀಳಾಗೆ ಫೋನ್ ಮಾಡಿ, ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ ಎಂದರು. ಅವಳು ತಿಳಿಸಲಿಲ್ಲ.

*

ಮುಂದಿನ ವರ್ಷದ ಮೇ ತಿಂಗಳಿನಲ್ಲಿ, ಮುಂಗಾರಿಗೆ ಸ್ವಲ್ಪ ಮೊದಲು, ಕಡಲು ಎಂದಿಲ್ಲದಷ್ಟು ಕಾದಿತ್ತು. ಚಂಡಮಾರುತ ಎದ್ದ ಮಾರನೆಯ ದಿನವೇ ಅದು ಹೊಸಬಂದರಿನ ಕಡೆಗೆ ಹೊರಟಿದೆ ಎಂದು ಪ್ರಮೀಳಾಗೆ ಖಚಿತವಾಯಿತು. ಹಿಂದಿನದಕ್ಕಿಂತ ದೊಡ್ಡದು. ಅವಳು ಎರಡು ದಾರಿಗಳನ್ನು ಬರೆದು ಕಳಿಸಿದಳು. ದಕ್ಷಿಣಕ್ಕೆ ಸರಿಸಿದರೆ ಕುದ್ರುಗಳ ಕಡೆ, ಉತ್ತರಕ್ಕೆ ಸರಿಸಿದರೆ ಅಲ್ಲಿಯ ಮೀನುಗಾರರ ಹಳ್ಳಿಗಳ ಕಡೆ. ಎರಡು ಕಡೆಯೂ ಜನರನ್ನು ಮೊದಲೇ ಸಾಗಿಸಲು ಸಮಯವಿತ್ತು. ಮನೆಗಳು ಹೋಗುತ್ತಿದ್ದವು, ಜನ ಉಳಿಯುತ್ತಿದ್ದರು. ಹನ್ನೆರಡು ಲಕ್ಷ ಜನರನ್ನು ಸಾಗಿಸಲು ಮಾತ್ರ ಯಾವ ಬಸ್ಸೂ ಸಾಲುತ್ತಿರಲಿಲ್ಲ.

ಸಭೆ ತುರ್ತಾಗಿ ಸೇರಿತು. ಈ ಸಲ ಯಾರೂ ರಜೆಯಲ್ಲಿರಲಿಲ್ಲ, ಯಾರೂ ಓದದೆ ಬಂದಿರಲಿಲ್ಲ. ಅದನ್ನು ಹೇಳಲೇಬೇಕು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂದು ಕಡೆ ಚಂಡಮಾರುತದ ಚಿತ್ರ, ಇನ್ನೊಂದು ಕಡೆ ಸಭೆಯ ನೇರ ಪ್ರಸಾರ. ಪ್ರಮೀಳಾ, ಅಶ್ರಫ್ ಕೀಲಿ ಹಾಕಿ ಕೂತಿದ್ದರು.

ದಕ್ಷಿಣದ ದಾರಿ ಮೊದಲು ಚರ್ಚೆಗೆ ಬಂತು. ಮಾತಾಡುವ ಸರದಿ ಬರುವ ಮುಂಚೆ ವಾಲ್ಟರ್ ರೆಬೆಲ್ಲೊ ಸಭಾಂಗಣದ ಹೊರಗೆ ಬಂದು ಕುಸುಮಳಿಗೆ ಫೋನ್ ಮಾಡಿದರು.

"ಕುಸುಮಕ್ಕ, ನಾನೆಂತ ಹೇಳಲಿ? ನೀವು ಹೇಳಿ. ಈ ಸಲ ನಿಮ್ಮನ್ನೆಲ್ಲ ಮೊದಲೇ ಕರ್ಕೊಂಡು ಹೋಗ್ತಾರೆ. ಪ್ರಾಣಕ್ಕೆ ಭಯ ಇಲ್ಲ. ಮನೆ ಮಾತ್ರ..."

ಕುಸುಮ ಹೊಸ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಪಕ್ಕದ ಮನೆಯವರು, ಅದರಾಚೆಯವರು ಎಲ್ಲ ಅಂಗಳದಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ವಾಮನನ ಜೊತೆ ಹೋಗಿ ಬಾರದೆ ಉಳಿದವರ ಹೆಂಡಂದಿರು ಅವರಲ್ಲಿದ್ದರು.

"ನಮ್ಮ ಕಡೆ ಬೇಡ," ಎಂದಳು ಕುಸುಮ. "ಒಮ್ಮೆ ಆಯ್ತಲ್ಲ. ಪುನಃ ನಮಗೇ ಎಂತಕ್ಕೆ? ಬೇರೆ ಕಡೆ ಎಲ್ಲಿಯಾದ್ರೂ ಹಾಕ್ಲಿ."

"ಸರಿ," ಎಂದರು ವಾಲ್ಟರ್.

ಅವರು ಸಭೆಯಲ್ಲಿ ಬಹಳ ಚೆನ್ನಾಗಿ ಮಾತಾಡಿದರು. ಒಮ್ಮೆ ಲೆಕ್ಕಕ್ಕೇ ಇಲ್ಲವೆಂದು ಮುಳುಗಿಸಿದವರನ್ನು ಎರಡನೆಯ ಸಲ ಮುಳುಗಿಸಲು ಯಾವ ಬಾಯಿಂದ ಕೇಳುತ್ತೀರಿ ಎಂದರು. ಕೆಲವರ ಕಣ್ಣಲ್ಲಿ ನೀರು ಬಂತು. ಮತಕ್ಕೆ ಹಾಕಿದಾಗ ದಕ್ಷಿಣದ ದಾರಿ ಸ್ವಲ್ಪದರಲ್ಲಿ ಬಿದ್ದುಹೋಯಿತು.

ಉತ್ತರದ ದಾರಿ ಬಂತು. ಉತ್ತರದ ಸದಸ್ಯೆ ಎದ್ದು ಅಷ್ಟೇ ಚೆನ್ನಾಗಿ ಮಾತಾಡಿದರು. ಆದರೂ ಸಭೆ ಒಪ್ಪಿತು. ವಿಷಯ ಮಂತ್ರಿಗಳ ಪರಿಷತ್ತಿಗೆ ಹೋಯಿತು. ಅಲ್ಲಿ ಇಬ್ಬರು ಮಂತ್ರಿಗಳು, ಇಂದು ಇದಕ್ಕೆ ಒಪ್ಪಿದರೆ ನಾಳೆ ನಮ್ಮ ತೀರಕ್ಕೂ ಹೀಗೇ ಮತ ಬೀಳುತ್ತದೆ, ನಮ್ಮ ಸರ್ಕಾರಗಳನ್ನು ಕೇಳದೆ ಕೈ ಎತ್ತುವಂತಿಲ್ಲ ಎಂದರು. ಕೇಳಿ ಬರಲು ಹೋದರು.

ಗೋಡೆಯ ಮೇಲೆ ಗಾಳಿಯ ಕಣ್ಣು ಒಂದೊಂದೇ ಕೊಳವೆ ಸಾಲನ್ನು ದಾಟಿ ಬರುತ್ತಿತ್ತು. ದಾಟಿದ ಸಾಲು ಮತ್ತೆ ಉಪಯೋಗಕ್ಕಿಲ್ಲ. ಅಶ್ರಫ್ ಬೆವರುತ್ತಿದ್ದ.

"ತಿರುಗಿಸುವನಾ?" ಎಂದ ಕೊನೆಗೆ. "ಯಾರೂ ನಮ್ಮನ್ನು ತಡೆಯುದಿಲ್ಲ. ಇಬ್ಬರೇ ಇದ್ದೇವೆ."

ಪ್ರಮೀಳಾ ಕೀಲಿಯ ಮೇಲೆ ಕೈಯಿಟ್ಟಳು. "ಯಾವ ಕಡೆಗೆ ಅಶ್ರಫ್?"

ಅಶ್ರಫ್ ಗೋಡೆಯ ಚಿತ್ರದ ಕಡೆ ನೋಡಿದ.

"ಉತ್ತರಕ್ಕೆ ತಿರುಗಿಸಿದ್ರೆ ಅಲ್ಲಿ ಇನ್ನೂ ಜನ ಇದ್ದಾರೆ. ಆದೇಶ ಇಲ್ಲದೆ ಯಾರನ್ನೂ ಎಬ್ಬಿಸಿಲ್ಲ. ದಕ್ಷಿಣಕ್ಕೆ ನನ್ನ ಅಕ್ಕ ಇದ್ದಾಳೆ. ನಾನು ಆರಿಸ್ಲಿಕ್ಕಾ? ಹಾಗೆ ಆರಿಸಬಾರದು ಅಂತಲೇ ಅಲ್ವಾ ನಾನು ಕೋರ್ಟಿನಲ್ಲಿ ನಿಂತು ಹೇಳಿ ಬಂದದ್ದು?"

"ಆದ್ರೆ ಅಲ್ಲಿ ಹನ್ನೆರಡು ಲಕ್ಷ..."

"ಗೊತ್ತುಂಟು."

ಅವಳು ಕೈ ತೆಗೆಯಲಿಲ್ಲ, ತಿರುಗಿಸಲೂ ಇಲ್ಲ. ಆಯೋಗದ ಹೊಸ ನಿರ್ದೇಶಕರಿಗೆ ಫೋನ್ ಮಾಡಿದಳು. ನಮಗೀಗ ಯಾವ ಅಧಿಕಾರವೂ ಇಲ್ಲವಲ್ಲ, ನಾವೂ ಟೀವಿ ನೋಡುತ್ತಿದ್ದೇವೆ ಎಂದರು ಅವರು. ಕೊನೆಯ ಸಾಲನ್ನು ಗಾಳಿ ದಾಟುವಾಗ ಪರಿಷತ್ತಿನಲ್ಲಿ ಒಬ್ಬ ಮಂತ್ರಿ ಹಿಂದಿರುಗಿ ಬಂದಿದ್ದರು. ಇನ್ನೊಬ್ಬರು ಬಂದಿರಲಿಲ್ಲ.

ಹೊಸಬಂದರಿನ ಮೇಲೆ ಚಂಡಮಾರುತ ಹಾಡುಹಗಲೇ ಬಿತ್ತು. ನೀರಿಗಿಂತ ಮೊದಲು ಎಣ್ಣೆಯ ಟ್ಯಾಂಕುಗಳು ಒಡೆದವು. ಸತ್ತವರು ಎಷ್ಟು ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಸಾವಿರಗಳಲ್ಲಿ ಹೇಳುತ್ತಾರೆ. ಸಭೆ ಎದ್ದು ನಿಂತು ಮೌನ ಆಚರಿಸಿತು. ಯಾರ ಮೇಲೂ ಕೇಸು ಆಗಲಿಲ್ಲ, ಯಾಕೆಂದರೆ ಯಾರೂ ಏನೂ ಮಾಡಿರಲಿಲ್ಲ.

ವಾಲ್ಟರ್ ರೆಬೆಲ್ಲೊ ರಾಜೀನಾಮೆ ಕೊಟ್ಟರು. ಪ್ರಮೀಳಾ ರಜೆ ಹಾಕಿ ಕುದ್ರುವಿಗೆ ಹೋದಳು. ಕುಸುಮ ಆಗಲೇ ಹೊರಟು ನಿಂತಿದ್ದಳು.

"ಅಕ್ಕಿ, ಬೇಳೆ ಎಲ್ಲ ಒಟ್ಟು ಮಾಡಿದ್ದೇವೆ," ಎಂದಳು. "ಕುದ್ರುವಿನ ಹೆಂಗಸರೆಲ್ಲ ಬರ್ತಾರೆ. ಅಲ್ಲಿ ಅಡುಗೆಗೆ ಜನ ಇಲ್ಲವಂತೆ. ನೀನೂ ಬಾ."

ಹೊಸಬಂದರಿನ ಹೊರವಲಯದ ಕಾಲೇಜಿನ ಮೈದಾನದಲ್ಲಿ ಡೇರೆಗಳನ್ನು ಹಾಕಿದ್ದರು. ಗಾಳಿಯಲ್ಲಿ ಇನ್ನೂ ಎಣ್ಣೆ ಸುಟ್ಟ ನಾತ. ಅಕ್ಕತಂಗಿ ಒಂದೇ ಮೇಜಿನ ಹಿಂದೆ ನಿಂತು ಬಡಿಸುತ್ತಿದ್ದರು, ಕುಸುಮ ಅನ್ನ, ಪ್ರಮೀಳಾ ಸಾರು. ಬಡಿಸುವ ಸಾಲು ಎರಡಿದ್ದವು, ಎರಡೂ ಮೈದಾನದ ಗೇಟಿನವರೆಗೆ ಇದ್ದವು. ಮೂವತ್ತು ದಾಟಿದ ಹೆಂಗಸೊಬ್ಬಳು ತಟ್ಟೆ ಹಿಡಿದು ಮುಂದೆ ಬಂದಳು. ಮುಖದ ಒಂದು ಬದಿಗೆ ಬ್ಯಾಂಡೇಜು.

"ನೀವು ಯಾವ ಊರಿನವರು?" ಎಂದು ಕೇಳಿದಳು.

"ಕಾಂಡ್ಲಕುದ್ರು," ಎಂದಳು ಕುಸುಮ.

ಹೆಂಗಸು ಅವಳ ಮುಖವನ್ನು ದಿಟ್ಟಿಸಿದಳು. "ಪೇಪರಿನಲ್ಲಿ ನಿಮ್ಮ ಫೋಟೊ ಬಂದಿತ್ತು. ಕೇಸು ಗೆದ್ದವರು ನೀವೇ ಅಲ್ವಾ? ನಮ್ಮ ಮನೆಯವರು ಅದನ್ನು ಓದಿ, ಸರಿಯಾದ ತೀರ್ಪು, ಹೀಗೇ ಆಗಬೇಕಿತ್ತು ಅಂತ ಎಲ್ಲರಿಗೂ ತೋರಿಸ್ತಿದ್ರು."

"ಈಗ ಅವರು..."

"ಇಲ್ಲ," ಎಂದಳು ಹೆಂಗಸು. ಕುಸುಮಳ ಕೈಯಲ್ಲಿದ್ದ ಸೌಟು ಅನ್ನದ ಮೇಲೆಯೇ ನಿಂತಿತ್ತು. ಹಿಂದೆ ಸಾಲಿನಲ್ಲಿದ್ದವರು ಯಾಕೆ ನಿಂತಿತೆಂದು ಇಣುಕುತ್ತಿದ್ದರು.

"ಅವತ್ತು ಸಭೆ ಆಗುವಾಗ ನನ್ನನ್ನು ಫೋನಿನಲ್ಲಿ ಕೇಳಿದ್ರು," ಎಂದಳು ಕುಸುಮ. "ಗಾಳಿಯನ್ನು ನಮ್ಮ ಕುದ್ರುವಿನ ಕಡೆಗೆ ತಿರುಗಿಸಬಹುದಾ ಅಂತ. ಬೇಡ ಅಂದದ್ದು ನಾನೇ."

ಪ್ರಮೀಳಾ ಅಕ್ಕನ ತೋಳು ಹಿಡಿದಳು. ಕುಸುಮ ಬಿಡಿಸಿಕೊಂಡಳು.

ಹೆಂಗಸು ತಟ್ಟೆಯನ್ನು ನೋಡಿದಳು.

"ನನ್ನನ್ನು ಕೇಳಿದ್ರೆ ನಾನೂ ಹಾಗೆಯೇ ಹೇಳ್ತಿದ್ದೆ," ಎಂದಳು. ಆಮೇಲೆ ಖಾಲಿ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು, ಪಕ್ಕದ ಸಾಲಿನ ಕೊನೆಗೆ ಹೋಗಿ ನಿಂತಳು.